ಇಪ್ಪತ್ತು ನಿಮಿಷದ ಶೀರ್ಷಾಸನ

ನಮ್ಮ ಮನೆಯವರಿಗೆ,

ಅಡುಗೆಮನೆಯಲ್ಲಿ ಕೂತು ನಾಗರತ್ನ ಮಾಡುವ ನಮಸ್ಕಾರಗಳು.

ಒಂದೇ ಸೂರಿನ ಕೆಳಗಿರುವ ಗಂಡನಿಗೆ ಕಾಗದ ಬರೆಯುವ ಹೆಂಗಸು ಈ ಕೃಷ್ಣಮೂರ್ತಿಪುರದಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ? ನೀವು ಮೌನ ಹಿಡಿದು ಇವತ್ತಿಗೆ ಒಂಬತ್ತು ದಿನ. ಪ್ರತಿವರ್ಷ ಯೋಗಶಾಲೆಯ ವಾರ್ಷಿಕೋತ್ಸವಕ್ಕೆ ಮುಂಚೆ ಮೂರು ದಿನ ಹಿಡಿಯುತ್ತಿದ್ದಿರಿ. ಆ ಮೂರು ದಿನ ನನಗೂ ಮನೆಯಲ್ಲಿ ಹಾಯಾಗಿರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಈ ವರ್ಷ ಒಂಬತ್ತಕ್ಕೆ ಏರಿಸಿದ್ದೀರಿ. ಕಾಫಿ ಬೇಕಾದರೆ ಸ್ಲೇಟಿನ ಮೇಲೆ ಬರೆದು ತೋರಿಸುತ್ತೀರಿ. ನಾನು ಕಣ್ಣಿನ ಮಾತು ತೆಗೆದ ತಕ್ಷಣ ಯೋಗದ ಹಾಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೀರಿ. ಮಾತಾಡದೆ ಇರುವ ವ್ರತ ನನಗೆ ಗೊತ್ತು, ಕೇಳಿಸಿಕೊಳ್ಳದೆ ಇರುವ ವ್ರತ ಯಾವ ಶಾಸ್ತ್ರದಲ್ಲಿದೆಯೋ ತಿಳಿಯದು. ಅದಕ್ಕೇ ಬರೆಯುತ್ತಿದ್ದೇನೆ. ಓದಲು ನಿಮಗೆ ಕಷ್ಟವಾಗದು. ಎದುರಿಗಿರುವುದು ನಿಮಗೆ ಇನ್ನೂ ಚೆನ್ನಾಗಿಯೇ ಕಾಣುತ್ತದೆ ಎಂದು ಕಣ್ಣಿನ ಡಾಕ್ಟರಮ್ಮ ಹೇಳಿದ್ದಾರೆ. ಕಾಣದೆ ಹೋಗಿರುವುದು ಪಕ್ಕದ್ದು.

ಈಗ ಶನಿವಾರ ಮಧ್ಯಾಹ್ನ ಮೂರು ಗಂಟೆ. ನೀವು ಹಾಲಿನಲ್ಲಿ ಮಲಗಿದ್ದೀರಿ. ನಾಳೆ ಬೆಳಿಗ್ಗೆ ಏಳಕ್ಕೆ ಎಂಬತ್ತು ಜನ ಶಿಷ್ಯರ ಮುಂದೆ ನೀವು ತಲೆ ಕೆಳಗೆ ಮಾಡಿ ಇಪ್ಪತ್ತು ನಿಮಿಷ ನಿಲ್ಲುವುದೆಂದು ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚಾಗಿದೆ. ಅಷ್ಟರೊಳಗೆ ನೀವು ಇದನ್ನು ಓದಿ ಮುಗಿಸಬೇಕು. ಒಂದು ನಿಮಿಷವೂ ಬೇಡ ಎಂದು ಡಾಕ್ಟರು ಹೇಳಿದ ಮೇಲೆ ಇಪ್ಪತ್ತು ನಿಮಿಷ ನಿಲ್ಲುವ ಗಂಡನನ್ನು ನೋಡುತ್ತಾ ಕೂರುವಷ್ಟು ಯೋಗ ನನಗೆ ಸಿದ್ಧಿಸಿಲ್ಲ.

ಅವತ್ತಿನಿಂದಲೇ ಶುರುಮಾಡುತ್ತೇನೆ. ವಾರ್ಡಿನ ಉಚಿತ ಕಣ್ಣಿನ ತಪಾಸಣೆ ಶಿಬಿರಕ್ಕೆ ನಿಮ್ಮನ್ನು ಮುಖ್ಯ ಅತಿಥಿಯಾಗಿ ಕರೆದಿದ್ದರು. ನೀವು ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿಕೊಂಡು ಹೋಗಿ, ಕಣ್ಣಿಗೆ ಯೋಗ ಎಂಬ ವಿಷಯದ ಮೇಲೆ ಅರ್ಧ ಗಂಟೆ ಮಾತಾಡಿದಿರಿ. ಪ್ರತಿವರ್ಷ ಹೇಳುವ ಮಾತನ್ನು ಅಲ್ಲೂ ಹೇಳಿದಿರಿ. "ನನಗೀಗ ಅರವತ್ತಮೂರು. ನೋಡಿ, ಕನ್ನಡಕ ಇಲ್ಲ. ಎಲ್ಲಾ ಶೀರ್ಷಾಸನದ ಮಹಿಮೆ!" ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಹಾರ ಹಾಕಿಸಿಕೊಂಡು ಹೊರಟವರನ್ನು ಆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಗುತ್ತಾ ತಡೆದರು. "ಸರ್, ಶಾಸ್ತ್ರಕ್ಕೆ ನಿಮ್ಮ ಕಣ್ಣೂ ಒಂದ್ಸಲ ನೋಡ್ಬಿಡ್ತೀನಿ, ಕೂತ್ಕೊಳಿ." ನೀವೂ ನಗುತ್ತಾ ಕೂತಿರಿ. ನೋಡುತ್ತಾ ನೋಡುತ್ತಾ ಆಕೆಯ ನಗು ನಿಂತಿತು. ಇನ್ನೊಂದು ಸಲ ನೋಡಿದರು. ಆಮೇಲೆ ನಿಮ್ಮನ್ನು ಬಿಟ್ಟು ನನ್ನ ಕಡೆ ತಿರುಗಿ, "ಬುಧವಾರ ಆಸ್ಪತ್ರೆಗೆ ಕರ್ಕೊಂಡು ಬರ್ತೀರಾ ಅಮ್ಮ?" ಎಂದರು.

ಬುಧವಾರ ಆ ಗೂಡಿನಂಥ ಮಿಷನ್ನಿನೊಳಗೆ ನಿಮ್ಮ ಮುಖ ಇಡಿಸಿ, ಕೈಗೊಂದು ಗುಂಡಿ ಕೊಟ್ಟು, ದೀಪದ ಚುಕ್ಕಿ ಕಂಡಾಗಲೆಲ್ಲ ಒತ್ತಿ ಎಂದರು. ನಾನು ಹಿಂದೆ ನಿಂತಿದ್ದೆ. ಎಡಗಣ್ಣಿಗೆ ಟಕ್ ಟಕ್ ಎಂದು ಒತ್ತಿದಿರಿ. ಬಲಗಣ್ಣಿಗೆ ಬಂದಾಗ ನಿಮ್ಮ ಬೆರಳು ಸುಮ್ಮನೆ ಕಾಯುತ್ತಾ ಕೂತಿತು. ಹೊರಗೆ ಬಂದು ನೀವು ಹೇಳಿದ್ದು ಇದು: "ಎಷ್ಟೊತ್ತಾದ್ರೂ ದೀಪಾನೇ ಬರ್ಲಿಲ್ಲ ಕಣೇ. ಮಿಷನ್ ಕೆಟ್ಟಿದೆ." ನಾನು ಹೂಂ ಎಂದೆ.

ಗ್ಲಾಕೋಮಾ ಎಂದರು. ಕಣ್ಣಿನೊಳಗೆ ಒತ್ತಡ ಏರಿ ಏರಿ ನರ ಸಾಯುತ್ತದಂತೆ. ಸದ್ದಿಲ್ಲ, ನೋವಿಲ್ಲ, ಪಕ್ಕದಿಂದ ಒಳಗೆ ಬರುತ್ತದಂತೆ. ಬಲಗಣ್ಣಿನ ಪಕ್ಕದ ನೋಟವೆಲ್ಲ ಹೋಗಿದೆ, ಎಡಗಣ್ಣಿನಲ್ಲಿ ಈಗಷ್ಟೇ ಶುರುವಾಗಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು ಎಂದು ನಿಧಾನವಾಗಿ ವಿವರಿಸಿದರು. ಆಮೇಲೆ ನಿಮ್ಮ ದಿನಚರಿ ಕೇಳಿದರು. ನೀವು ಬೆನ್ನು ನೆಟ್ಟಗೆ ಮಾಡಿಕೊಂಡು, "ಮೊದಲು ಹತ್ತು ನಿಮಿಷ ಶೀರ್ಷಾಸನ ಮಾಡ್ತಿದ್ದೆ. ಕಣ್ಣು ಸ್ವಲ್ಪ ಮಂಜು ಅನ್ನಿಸ್ತು, ಅದಕ್ಕೇ ಎರಡು ವರ್ಷದಿಂದ ಇಪ್ಪತ್ತಕ್ಕೆ ಏರಿಸಿದೀನಿ" ಎಂದಿರಿ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಸರ್, ತಲೆ ಕೆಳಗಾದಾಗ ಕಣ್ಣಿನ ಒತ್ತಡ ಎರಡರಷ್ಟಾಗುತ್ತೆ. ನೀವು ಔಷಧಿ ಅಂದ್ಕೊಂಡು ಮಾಡಿದ್ದು…" ಎಂದವರು ಮಾತು ಮುಗಿಸಲಿಲ್ಲ. ಮುಗಿಸುವುದು ಬೇಕಾಗಿಯೂ ಇರಲಿಲ್ಲ. "ಇವತ್ತಿಂದ ಒಂದು ನಿಮಿಷಾನೂ ಬೇಡ. ಡ್ರಾಪ್ಸ್ ಹಾಕ್ಕೊಳಿ. ಬರೋ ವಾರ ಬಿಟ್ಟು ಸೋಮವಾರ ಒಂಬತ್ತಕ್ಕೆ ಬನ್ನಿ, ಆಪರೇಷನ್ ವಿಷಯ ತೀರ್ಮಾನ ಮಾಡೋಣ."

ಆ ಡ್ರಾಪ್ಸ್ ಬಾಟಲಿಯ ಸೀಲು ನೀವು ಇನ್ನೂ ಒಡೆದಿಲ್ಲ. ದೇವರ ಮನೆಯ ಗೂಡಿನಲ್ಲಿ ಪಂಚಾಂಗದ ಹಿಂದೆ ಇಟ್ಟಿದ್ದೀರಿ. ಅದರ ಬದಲು ದಿನಾ ಬೆಳಿಗ್ಗೆ ತ್ರಿಫಲದ ನೀರಿನಲ್ಲಿ ಕಣ್ಣು ತೊಳೆದು, ಹಾಲಿನ ಬಾಗಿಲು ಹಾಕಿಕೊಳ್ಳುತ್ತೀರಿ. ಒಳಗೆ ಏನು ನಡೆಯುತ್ತದೆ ಎಂದು ನನಗೆ ತಿಳಿಯದು ಎಂದುಕೊಂಡಿದ್ದೀರಾ? ನಿಮ್ಮ ಕಾಲು ಮೇಲೆ ಹೋಗುವಾಗ ಮೂಗಿನಿಂದ ಬಿಡುವ ಉಸಿರು ಮೂವತ್ತಾರು ವರ್ಷದಿಂದ ಕೇಳಿದ್ದೇನೆ. ಅದು ಕೇಳಿದ ಕ್ಷಣದಿಂದ ಕಾಲು ಕೆಳಗೆ ಬರುವ ತನಕ ನಾನು ಒಲೆಯ ಮುಂದೆ ಹಿಟ್ಟು ಕಲಸುವ ಕೈಯನ್ನು ಹಾಗೇ ಹಿಡಿದು ನಿಂತಿರುತ್ತೇನೆ. ಈ ಒಂಬತ್ತು ದಿನ ಈ ಮನೆಯಲ್ಲಿ ಚಪಾತಿ ಗಟ್ಟಿಯಾಗಿದ್ದರೆ ಅದಕ್ಕೆ ನೀವೇ ಕಾರಣ.

ಕೋಪ ಬರುತ್ತಿದೆ ನಿಮಗೆ, ಗೊತ್ತು. ಯೋಗದ ಬಗ್ಗೆ ಅಡುಗೆಮನೆಯವಳು ಏನು ಮಾತಾಡುತ್ತಾಳೆ ಎಂದು. ಆದರೆ ಯೋಗದಿಂದ ಉಸಿರಾಡುತ್ತಿರುವವಳು ನಾನು. ಇದನ್ನು ನೀವು ಮರೆತಿರಬಹುದು, ನನಗೆ ಮರೆಯುವ ಹಾಗಿಲ್ಲ.

ನನಗೆ ಚಿಕ್ಕಂದಿನಿಂದ ಉಬ್ಬಸ ಎಂಬುದನ್ನು ಅಪ್ಪ ಮುಚ್ಚಿಟ್ಟು ಮದುವೆ ಮಾಡಿದ್ದರು. ಮೊದಲ ಧನುರ್ಮಾಸದ ಚಳಿಗೆ ಅದು ಹೊರಬಿತ್ತು. ಬೆಳಗಿನ ಪೂಜೆಗೆ ಹೂ ಬಿಡಿಸಲು ಹೋದವಳು ಹಿತ್ತಿಲಲ್ಲೇ ಕುಸಿದು ಕೂತೆ. ಉಸಿರು ಒಳಗೆ ಹೋಗದೆ ಸೀಟಿ ಹೊಡೆಯುತ್ತಿತ್ತು. ಉಬ್ಬಸಕ್ಕಿಂತ ಹೆಚ್ಚಾಗಿ ನನಗೆ ಭಯವಿದ್ದದ್ದು ನಿಮ್ಮದು. ಮೋಸ ಮಾಡಿದರು ಎಂದು ತವರಿಗೆ ಅಟ್ಟುತ್ತೀರಿ ಎಂದುಕೊಂಡೆ. ನೀವು ಏನೂ ಕೇಳಲಿಲ್ಲ. ನನ್ನ ಹಿಂದೆ ಬಂದು, ಆ ಒದ್ದೆ ನೆಲದ ಮೇಲೆ ಬೆನ್ನಿಗೆ ಬೆನ್ನು ಕೊಟ್ಟು ಕೂತಿರಿ. "ನಾಗೂ, ಎಳ್ಕೊಳಕ್ಕೆ ಹೋಗ್ಬೇಡ. ಬಿಡು. ನನ್ನ ಬೆನ್ನು ಇಳಿದಾಗ ನೀನೂ ಬಿಡು. ಅಷ್ಟೇ ಕೆಲಸ." ನಿಮ್ಮ ಬೆನ್ನು ಏರುವುದು ಇಳಿಯುವುದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಹತ್ತು ನಿಮಿಷವೋ ಅರ್ಧ ಗಂಟೆಯೋ, ನನ್ನ ಎದೆ ಸಡಿಲವಾಯಿತು. ಗಂಡ ಎಂಬವನು ಯಾರೆಂದು ನನಗೆ ಗೊತ್ತಾದದ್ದು ಅವತ್ತು.

ಆದರೆ ಅದರ ಮುಂದಿನದ್ದನ್ನು ಹೇಳಬೇಕು. ಉಸಿರು ಸರಿಯಾದ ಮೇಲೆ ನೀವು ಇನ್ನೇನು, ಯೋಗದಿಂದಲೇ ವಾಸಿ ಮಾಡುತ್ತೇನೆ ಎಂದು ಎದೆ ತಟ್ಟಲಿಲ್ಲ. ಮಾರನೆಯ ದಿನವೇ ಆಟೋ ಹತ್ತಿಸಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಿರಿ. ನಾನು, "ನೀವೇ ಯೋಗದ ಮೇಷ್ಟ್ರು, ನಿಮ್ಮ ಹೆಂಡ್ತಿ ಮಾತ್ರೆ ನುಂಗಿದ್ರೆ ಜನ ಏನಂತಾರೆ?" ಎಂದೆ. ನೀವು ನಕ್ಕು, "ಯೋಗ ಔಷಧಿಗೆ ಸವತಿ ಅಲ್ಲ ಕಣೇ ಮಾರಾಯ್ತಿ, ಓರಗಿತ್ತಿ. ಇಬ್ರೂ ಸೇರಿ ಮನೆ ನಡೆಸ್ಲಿ ಬಿಡು" ಎಂದಿರಿ. ಮಾತ್ರೆಯೂ ಆಯಿತು, ಪ್ರಾಣಾಯಾಮವೂ ಆಯಿತು. ಮೂರು ವರ್ಷಕ್ಕೆ ಮಾತ್ರೆಯನ್ನು ಅರ್ಧ ಮಾಡಿದವರು ಡಾಕ್ಟರೇ, ನೀವಲ್ಲ. ನನಗೆ ಒಂದು ನ್ಯಾಯ ಹೇಳಿದ ಆ ಮನುಷ್ಯ ಎಲ್ಲಿ ಹೋದರು? ಮೂವತ್ತೈದು ವರ್ಷದ ಹಿಂದೆ ಅಷ್ಟು ತಿಳಿದಿದ್ದವರು, ಇಷ್ಟು ವರ್ಷ ಸಾಧನೆ ಮಾಡಿ ಕಡಿಮೆ ತಿಳಿದವರಾದದ್ದು ಹೇಗೆ?

ಹೊಸಬರು ಶಾಲೆಗೆ ಸೇರುವಾಗ ಮೊದಲು ಕೇಳುವುದು ಒಂದೇ ಪ್ರಶ್ನೆ. ಯೋಗದಿಂದ ಏನು ಪ್ರಯೋಜನ ಸರ್? ನೀವು ಕೊಡುವ ಉತ್ತರ ಬಾಗಿಲ ಸಂದಿಯಿಂದ ನನಗೆ ಬಾಯಿಪಾಠವಾಗಿದೆ. "ಮಂಡಿ ನೋವು ಹೋಗುತ್ತೆ, ನಿದ್ದೆ ಬರುತ್ತೆ, ಸೊಂಟ ಹಗುರಾಗುತ್ತೆ. ಅದೆಲ್ಲ ತರಕಾರಿ ಕೊಂಡಾಗ ಸಿಗೋ ಕೊಸರು. ಕೊಸರಿಗೋಸ್ಕರ ಯಾರೂ ಮಾರ್ಕೆಟ್ಟಿಗೆ ಹೋಗಲ್ಲ. ಭಯ ಬಂದಾಗ ಎದ್ದು ಓಡದೆ ಅದರ ಎದುರಿಗೆ ಕೂತಿರೋದನ್ನ ಕಲಿಯೋಕೆ ಇಲ್ಲಿಗೆ ಬರ್ಬೇಕು." ಊದುಬತ್ತಿ ಕಾರ್ಖಾನೆಯ ಗಫಾರ್ ಸಾಹೇಬರು ಕೊಸರಿಗೋಸ್ಕರವೇ ಬಂದವರು. ಹಗಲೆಲ್ಲ ಕೂತು ಬೆನ್ನು ಮರಗಟ್ಟಿತ್ತು. ಈಗ ನಮಾಜಿಗೆ ಬಗ್ಗಿ ಏಳುವುದು ಹಗುರವಾಗಿದೆ ಎಂದು ರಂಜಾನಿಗೆ ಸುರಕುಂಬಾ ಪಾಯಸ ತಂದುಕೊಟ್ಟರು. ಆದರೆ ಅವರ ಮಗ ಅಪಘಾತವಾಗಿ ಆಸ್ಪತ್ರೆಯಲ್ಲಿದ್ದ ಆ ಎಂಟು ದಿನ ಅವರು ನಿಮ್ಮ ಮಾತಿನಂತೆಯೇ ಕೂತಿದ್ದರು. "ಅಮ್ಮಾ, ಓಡ್ಬೇಕು ಅನ್ಸಿದಾಗೆಲ್ಲ ಉಸ್ರು ಎಣಿಸ್ದೆ" ಎಂದು ನನ್ನ ಮುಂದೆ ಅತ್ತರು. ನಿಮ್ಮ ಪಾಠ ಸುಳ್ಳಲ್ಲ. ಆ ಪಾಠವನ್ನು ಬಿಟ್ಟು ಓಡುತ್ತಿರುವವರು ನೀವು. ಓಡಿ ಹೋಗಿ ತಲೆ ಕೆಳಗೆ ಮಾಡಿ ನಿಂತಿದ್ದೀರಿ.

ಇನ್ನು ಬರೆಯಲೇಬೇಕಾದ ವಿಷಯ. ಪ್ರಮೀಳಾ.

ಸೀರೆ ಅಂಗಡಿಯಲ್ಲಿ ದಿನವಿಡೀ ನಿಂತು, ಕಾಲು ಊದಿಸಿಕೊಂಡು, ಆದರೂ ನಾಲ್ಕು ವರ್ಷದಲ್ಲಿ ಒಂದು ದಿನವೂ ಬೆಳಗಿನ ಕ್ಲಾಸು ತಪ್ಪಿಸದ ಹುಡುಗಿ. ಎರಡು ತಿಂಗಳ ಹಿಂದೆ ಅವಳು ಶೀರ್ಷಾಸನದಿಂದ ಇಳಿಯುವಾಗ ನೀವು ಪಕ್ಕದಲ್ಲಿ ಆಸರೆಗೆ ನಿಂತಿದ್ದಿರಿ. ಅವಳ ಕಾಲು ನಿಮ್ಮ ಬಲಕ್ಕೆ ವಾಲಿತು. ನಿಮ್ಮ ಕೈ ಹೋಗಲಿಲ್ಲ. ಧೊಪ್ಪೆಂದ ಸದ್ದು ಕೇಳಿ ನಾನು ಓಡಿ ಬಂದಾಗ ಅವಳು ಕತ್ತು ಹಿಡಿದುಕೊಂಡು ನೆಲದ ಮೇಲಿದ್ದಳು, ನೀವು ಗದರುತ್ತಿದ್ದಿರಿ. "ಗಮನ ಎಲ್ಲಿಟ್ಕೊಂಡಿದ್ದೆ? ಎಷ್ಟು ಸಲ ಹೇಳೋದು?" ಆರು ವಾರ ಕತ್ತಿಗೆ ಪಟ್ಟಿ ಹಾಕಿಕೊಂಡು ಸೀರೆ ಮಡಿಸಿದಳು. ಆಗ ನಿಮಗೆ ನಿಜಕ್ಕೂ ಗೊತ್ತಿರಲಿಲ್ಲ. ಅದನ್ನು ನಾನು ಒಪ್ಪುತ್ತೇನೆ.

ಆಸ್ಪತ್ರೆಯಿಂದ ಬಂದ ಮಾರನೆಯ ದಿನ, ಗುರುವಾರ, ಅವಳು ಬಂದಳಲ್ಲ? ತಟ್ಟೆಯಲ್ಲಿ ರಸಬಾಳೆ, ತೆಂಗಿನಕಾಯಿ, ಎಲೆ ಅಡಿಕೆ ಇಟ್ಟು ನಿಮ್ಮ ಕಾಲಿಗೆ ಬಿದ್ದಳು. "ಸರ್, ಅವತ್ತು ನಂದೇ ತಪ್ಪು. ನಿಮ್ಮ ಶಾಲೆಗೆ ಕೆಟ್ಟ ಹೆಸರು ತಂದೆ. ಕ್ಷಮಿಸ್ಬೇಕು." ಆಗ ನಿಮಗೆ ಗೊತ್ತಿತ್ತು. ಹಿಂದಿನ ದಿನವೇ ಡಾಕ್ಟರಮ್ಮ ಕಾಗದದ ಮೇಲೆ ಬರೆದು ಕೊಟ್ಟಿದ್ದರು. ನಾನು ಬಾಗಿಲಲ್ಲಿ ನಿಂತು ನಿಮ್ಮ ಬಾಯನ್ನೇ ನೋಡುತ್ತಿದ್ದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು. ನೀವು ತಟ್ಟೆ ತೆಗೆದುಕೊಂಡಿರಿ. "ಆಯ್ತು, ಇನ್ಮೇಲೆ ಗಮನ ಇರ್ಲಿ" ಎಂದಿರಿ. ಯೋಗದ ಮೊದಲ ಮೆಟ್ಟಿಲು ಯಮ, ಅದರ ಐದು ವ್ರತಗಳಲ್ಲಿ ಎರಡನೆಯದು ಸತ್ಯ ಎಂದು ಕಲಿಸುವ ಬಾಯಿ ಅದು. ಆ ರಸಬಾಳೆಯನ್ನು ನಾನು ತಿನ್ನಲಿಲ್ಲ. ನೀವೂ ತಿನ್ನಲಿಲ್ಲ, ಅದು ಬುಟ್ಟಿಯಲ್ಲೇ ಕಪ್ಪಾಯಿತು.

ಶುಕ್ರವಾರ ಬೆಳಿಗ್ಗೆಯಿಂದ ನಿಮ್ಮ ಮೌನ ಶುರು. ಡಾಕ್ಟರ ಮಾತಿಗೆ ಹೆದರಿ ಹೀಗೆ ಮಾಡುತ್ತಿದ್ದೀರಿ ಎಂದು ನಾನು ನಾಲ್ಕು ದಿನ ತಪ್ಪು ತಿಳಿದಿದ್ದೆ. ಆಮೇಲೆ ಅರ್ಥವಾಯಿತು. ನೀವು ಹೆದರಿದ್ದು ನೀವು ಆಡಿದ ಆ ಒಂದು ಮಾತಿಗೆ. ನಾಚಿಕೆಯಾಗಿದೆ ನಿಮಗೆ. ನಾಚಿಕೆಯಾಯಿತಲ್ಲ ಎಂದು ನನಗೆ ಸಮಾಧಾನವೂ ಆಯಿತು. ಆದರೆ ಅದನ್ನು ವ್ರತ ಎಂದು ಕರೆಯಬೇಡಿ.

ಇವತ್ತು ಬೆಳಿಗ್ಗೆ ಹೂ ತರುತ್ತೇನೆ ಎಂದು ಹೇಳಿ ನಾನು ಹೋದದ್ದು ಪ್ರಮೀಳಾಳ ಮನೆಗೆ. ನಿಮ್ಮನ್ನು ಕೇಳದೆ ಹೋದೆ, ನಿಜ ಹೇಳದೆ ಹೋದೆ. ಬೈಯುವುದಿದ್ದರೆ ಮೌನ ಮುರಿದು ಬೈಯಿರಿ, ಸಂತೋಷವಾಗಿ ಬೈಸಿಕೊಳ್ಳುತ್ತೇನೆ. ಅವಳು ಕೆಲಸಕ್ಕೆ ಹೊರಡುವ ಆತುರದಲ್ಲಿದ್ದಳು. ನಿಂತ ಕಾಲಲ್ಲೇ ಹೇಳಿಬಿಟ್ಟೆ. "ತಪ್ಪು ನಿಂದಲ್ಲ ಕಣಮ್ಮ. ಅವ್ರಿಗೆ ಬಲಗಡೆ ಕಾಣಲ್ಲ. ನನ್ನನ್ನ ಕ್ಷಮಿಸು."

ಅವಳು ಜಡೆ ಹಾಕಿಕೊಳ್ಳುತ್ತಿದ್ದ ಕೈ ನಿಲ್ಲಿಸಿದಳು. ಆಶ್ಚರ್ಯ ಪಡುತ್ತಾಳೆ, ಸಿಟ್ಟಾಗುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ನನ್ನ ಕೈ ಹಿಡಿದು ಕೂರಿಸಿದಳು. "ಗೊತ್ತಮ್ಮ" ಎಂದಳು. "ನಾನು ತಲೆ ಕೆಳಗಾಗಿ ನೋಡ್ತಾನೇ ಇದ್ದೆ. ಸರ್ ಕೈ ಗಾಳೀಲಿ ಹುಡುಕ್ತಾ ಇತ್ತು. ನನ್ನ ಕಾಲು ಒಂದು ಗೇಣು ದೂರದಲ್ಲೇ ಇತ್ತು. ಅವ್ರಿಗೆ ಕಾಣ್ತಿಲ್ಲ ಅಂತ ಬೀಳೋಕೆ ಮುಂಚೇನೇ ಗೊತ್ತಾಗೋಯ್ತು."

ಹಾಗಾದರೆ ಹಣ್ಣು ತಂದು ಯಾಕೆ ಕಾಲಿಗೆ ಬಿದ್ದೆ ಎಂದೆ. "ಸರ್ ತಮ್ಮಿಂದಾಗಿ ನಾನು ಬಿದ್ದೆ ಅಂತ ಕೊರಗ್ತಿದ್ರು ಅನ್ನಿಸ್ತು. ನಂದೇ ತಪ್ಪು ಅಂದ್ರೆ ಅವ್ರ ಮನಸ್ಸು ಹಗುರಾಗುತ್ತೆ ಅಂದ್ಕೊಂಡೆ."

ಇನ್ನೂ ಇದೆ, ಕೇಳಿ. ಅವಳೊಬ್ಬಳಿಗೇ ಅಲ್ಲ, ಶಾಲೆಗೆಲ್ಲ ಗೊತ್ತಂತೆ. ಎರಡು ತಿಂಗಳಿಂದ ನಿಮ್ಮ ಬಲಗಡೆ ಯಾರೂ ಚಾಪೆ ಹಾಸುತ್ತಿಲ್ಲವಂತೆ. ನಾನು ಕಸ ಗುಡಿಸುವವಳು, ನಾನೇ ಗಮನಿಸಿರಲಿಲ್ಲ. ಹೊಸಬರು ಬಂದರೆ ಹಳಬರು ಸದ್ದಿಲ್ಲದೆ ಅವರನ್ನು ಎಡಕ್ಕೆ ಸರಿಸುತ್ತಾರಂತೆ. ಸಂಜೆಯ ವಾಕಿಂಗಿನಲ್ಲಿ ಗಫಾರ್ ಸಾಹೇಬರು ಯಾವಾಗಲೂ ನಿಮ್ಮ ಬಲಕ್ಕೇ ನಡೆಯುತ್ತಾರಲ್ಲ, ಸ್ಕೂಟರಿನವರು ತಗುಲಿಸಿಬಿಡುತ್ತಾರೆ ಎಂದು ಅವರೇ ವಹಿಸಿಕೊಂಡ ಕೆಲಸವಂತೆ ಅದು. ನೀವು ಎಂಬತ್ತು ಜನರಿಂದ ಬಚ್ಚಿಟ್ಟಿದ್ದೀರಿ ಎಂದುಕೊಂಡಿದ್ದೀರಿ. ಆ ಎಂಬತ್ತು ಜನ ನಿಮ್ಮನ್ನು ಕೈಯಲ್ಲಿ ಹಿಡಿದುಕೊಂಡು ಓಡಾಡುತ್ತಿದ್ದಾರೆ.

ಇಷ್ಟು ಕೇಳಿ ನನಗೆ ಹೆಮ್ಮೆಯೂ ಆಯಿತು, ದುಃಖವೂ ಆಯಿತು. ಕನ್ನಡಕವಿಲ್ಲದ ಮೇಷ್ಟ್ರಿಗೋಸ್ಕರ ಯಾರೂ ಹೀಗೆ ಮಾಡುವುದಿಲ್ಲ. ನೀವು ಅವರಿಗೆ ಕೊಟ್ಟದ್ದು ಬೇರೆ ಏನೋ ಇದೆ. ಅದು ಶೀರ್ಷಾಸನ ಬಿಟ್ಟ ಮಾತ್ರಕ್ಕೆ ಹೋಗುವಂಥದ್ದಲ್ಲ. ಉಸಿರು ಕಲಿಸಲು ಪಕ್ಕದ ನೋಟ ಬೇಡ. ಇನ್ನೊಬ್ಬರ ಬೆನ್ನಿಗೆ ಬೆನ್ನು ಕೊಡಲೂ ಬೇಡ.

ಹೊರಡುವಾಗ ಪ್ರಮೀಳಾ ಬಾಗಿಲ ತನಕ ಬಂದು ಇನ್ನೊಂದು ಮಾತು ಹೇಳಿದಳು. ನಾಳೆಗೆ ಅವರೆಲ್ಲ ಸೇರಿ ಒಂದು ತೀರ್ಮಾನ ಮಾಡಿಕೊಂಡಿದ್ದಾರಂತೆ. ನಿಮಗೆ ಹೇಳಬಾರದು ಎಂದಳು. ಹೇಳುತ್ತಿದ್ದೇನೆ. "ಸರ್ ತಲೆ ಕೆಳಗೆ ಇಟ್ಟ ತಕ್ಷಣ ನಾವೆಲ್ಲ ಕಣ್ಣು ಮುಚ್ಕೊತೀವಿ ಅಮ್ಮ. ಒಬ್ರೂ ನೋಡಲ್ಲ, ಒಬ್ರೂ ಚಪ್ಪಾಳೆ ತಟ್ಟಲ್ಲ. ಬೇಡ ಅಂತ ಗುರುಗಳಿಗೆ ಹೇಳೋಷ್ಟು ದೊಡ್ಡೋರಲ್ಲ ನಾವು. ಅವ್ರು ಕಣ್ಣು ಕಳ್ಕೊಳೋದನ್ನ ನೋಡೋಕೂ ನಮ್ ಕೈಲಿ ಆಗಲ್ಲ."

ನಾಳೆ ಹಾಗೆ ಆಗುತ್ತದೆ. ಎಂಬತ್ತು ಜನ ಕಣ್ಣು ಮುಚ್ಚಿ ಕೂತ ಹಾಲಿನಲ್ಲಿ ಇಪ್ಪತ್ತು ನಿಮಿಷ ನಿಲ್ಲುವುದಾದರೆ ನಿಲ್ಲಿ. ನಾನು ಅಡ್ಡ ಬರುವುದಿಲ್ಲ, ಕೂಗುವುದಿಲ್ಲ. ಆದರೆ ನಾನು ಕಣ್ಣು ಮುಚ್ಚುವುದಿಲ್ಲ. ಮುಂದಿನ ಸಾಲಿನಲ್ಲಿ ಕೂತು ಒಂದೊಂದು ನಿಮಿಷವನ್ನೂ ನೋಡುತ್ತೇನೆ. ನಿಮ್ಮ ನೋಟ ಹೋಗುವುದನ್ನು ನೋಡಲು ಒಬ್ಬರಾದರೂ ಬೇಕು. ಅದು ನನ್ನ ಪಾಲಿನದು.

ಇಲ್ಲವಾದರೆ ನಿಮ್ಮ ಎರಡು ಕಾಲಿನ ಮೇಲೆ ನಿಂತುಕೊಂಡು ಅವಳ ಹೆಸರು ಹಿಡಿದು ಕರೆಯಿರಿ. "ಪ್ರಮೀಳಾ, ತಪ್ಪು ನಂದು" ಎನ್ನಿ. ನಿಮ್ಮ ಆಸನಗಳಲ್ಲೆಲ್ಲ ಕಷ್ಟದ್ದು ಇದೇ ಇರಬಹುದು. ಇಷ್ಟು ವರ್ಷ ನೀವು ಮೈ ಬಗ್ಗಿಸಿ ಉಸಿರು ಹಿಡಿದು ತಯಾರಾದದ್ದು ಇದಕ್ಕೇ ಎಂದು ನಾನು ನಂಬಿದ್ದೇನೆ. ಸೋಮವಾರ ಆಸ್ಪತ್ರೆಗೆ ಹೊರಡಲು ಎಂಟೂವರೆಗೇ ನಾನು ಸೀರೆಯುಟ್ಟು ಬಾಗಿಲಲ್ಲಿ ನಿಂತಿರುತ್ತೇನೆ. ಗಫಾರ್ ಸಾಹೇಬರು ಆಟೋ ತರುತ್ತಾರೆ.

ಗಂಡನಿಗೆ ಹೆಂಡತಿ ಆಶೀರ್ವಾದ ಮಾಡುವ ಪದ್ಧತಿ ನಮ್ಮಲ್ಲಿಲ್ಲ. ವಯಸ್ಸಿನಲ್ಲೂ ನಾನೇ ಚಿಕ್ಕವಳು. ಆದರೂ ಮಾಡುತ್ತಿದ್ದೇನೆ, ತಲೆ ಬಗ್ಗಿಸಿ ತೆಗೆದುಕೊಳ್ಳಿ. ಇರುವಷ್ಟು ನೋಟ ನಿಮಗೆ ಕೊನೆಯವರೆಗೂ ಇರಲಿ. ನಾನು ಮುದುಕಿಯಾಗಿ ಹಲ್ಲು ಬಿದ್ದು ಕೂರುವುದನ್ನು ನೀವು ಕಣ್ಣಾರೆ ನೋಡಿ ನಗುವಂತಾಗಲಿ.

ಇಂತಿ,
ನಿಮ್ಮ ಬಲಗಡೆ ಬಂದು ನಿಂತಿರುವ
ನಾಗೂ